ನಾಲ್ಕೂವರೆ ವರ್ಷದಿಂದ ಮುಚ್ಚಿದ ಹಿತ್ತಲ ಈಜುಕೊಳ: ನೀರು ಖಾಲಿ ಮಾಡಬೇಕಾ, ಬೇಡವಾ?

ಕಾಫಿತೋಟ, ಮೂಡಿಗೆರೆ · ಸೆಪ್ಟೆಂಬರ್ 26

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ ಒಂದು ಈಜುಕೊಳ ಇದೆ. ಹೋಂಸ್ಟೇ ನಡೆಸುತ್ತಿದ್ದಾಗ ಕಟ್ಟಿಸಿದ್ದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಪಂಪ್ ಆಫ್ ಮಾಡಿದ್ದೇ ಕೊನೆ, ಮತ್ತೆ ಹಾಕಲಿಲ್ಲ. ಹೋಂಸ್ಟೇಯನ್ನೂ ಮತ್ತೆ ಶುರು ಮಾಡಲಿಲ್ಲ.

ನೀರು ಈಗ ಹಸಿರು ಅನ್ನುವುದಕ್ಕಿಂತ ಕಪ್ಪು. ಸುತ್ತ ಸಿಲ್ವರ್ ಓಕ್ ಮರಗಳು, ಎಲೆಯೆಲ್ಲ ಒಳಗೇ ಬೀಳುತ್ತದೆ. ನಿನ್ನೆ ದೋಟಿ ಇಳಿಬಿಟ್ಟು ನೋಡಿದೆ. ತುದಿಗೆ ಒಂದು ಅಡಿ ಕೆಸರು ಮೆತ್ತಿಕೊಂಡು ಬಂತು, ಕೊಳೆತ ಮೊಟ್ಟೆಯ ವಾಸನೆ. ಸಂಜೆಯಾದರೆ ಸೊಳ್ಳೆ ಕಾಟಕ್ಕೆ ಹಿಂದಿನ ಬಾಗಿಲು ತೆಗೆಯುವ ಹಾಗಿಲ್ಲ.

ಅಳತೆ 26 ಅಡಿ ಉದ್ದ, 13 ಅಡಿ ಅಗಲ. ಆಳ ಒಂದು ಕಡೆ 3 ಅಡಿ, ಇನ್ನೊಂದು ಕಡೆ ಐದೂವರೆ. ಒಳಗೆ ಸಣ್ಣ ನೀಲಿ ಟೈಲ್ಸ್. ಸ್ಯಾಂಡ್ ಫಿಲ್ಟರ್, ಒಂದು ಎಚ್‌ಪಿ ಪಂಪ್ ಇದೆ.

ದೀಪಾವಳಿಗೆ ಮಗಳು, ಮೊಮ್ಮಕ್ಕಳು ಬರುತ್ತಾರೆ. ನೀರು ತುಂಬುವ ಹಬ್ಬದ ಹೊತ್ತಿಗೆ ಕೊಳವೂ ತಯಾರಾಗಿರಲಿ ಅಂತ ಆಸೆ. ನೋಡಲು ಬಂದ ಕಾಂಟ್ರಾಕ್ಟರ್ ಒಬ್ಬರು, "ನೀರೆಲ್ಲ ಖಾಲಿ ಮಾಡಿ ಆಸಿಡ್ ಹಾಕಿ ಉಜ್ಜೋಣ, ಸೋಮವಾರವೇ ಮೋಟರ್ ಇಡ್ತೀನಿ" ಅಂದಿದ್ದಾರೆ. ಇದು ಸರೀನಾ? ಗೊತ್ತಿದ್ದವರು ಹೇಳಿ.

ಸಾಗರದ ಅಡಿಕೆ · ಸೆಪ್ಟೆಂಬರ್ 26

ಅಕ್ಕ, ಪಾಚಿಗೆ ಮೈಲುತುತ್ತಕ್ಕಿಂತ (ಕಾಪರ್ ಸಲ್ಫೇಟ್) ಒಳ್ಳೆಯದು ಯಾವುದಿದೆ? ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದದ್ದು ನಿಮ್ಮ ಮನೆಯಲ್ಲೂ ಇರಬೇಕು. ಅರ್ಧ ಕೆಜಿ ಕರಗಿಸಿ ಹಾಕಿ, ಒಂದು ವಾರ ನೋಡಿ. ನಮ್ಮ ತೋಟದ ತೊಟ್ಟಿಗೆ ನಾವು ಅದನ್ನೇ ಹಾಕುವುದು.

ನೀರುಗಂಟಿ, ಮೈಸೂರು · ಸೆಪ್ಟೆಂಬರ್ 26

ಅಕ್ಕ, 22 ವರ್ಷದಿಂದ ಈಜುಕೊಳ ನೋಡಿಕೊಳ್ಳುವ ಕೆಲಸ ನನ್ನದು. ಮೊದಲು ಒಂದು ಮಾತು. ಸೋಮವಾರ ಮೋಟರ್ ಇಡಲು ಬಿಡಬೇಡಿ. ಮೂಡಿಗೆರೆ ಕಡೆ ಮಳೆ ಈಗಷ್ಟೇ ಬಿಡುತ್ತಿದೆ. ನೆಲದೊಳಗೆ ನೀರು ತುಂಬಿಕೊಂಡಿರುವಾಗ ಕೊಳ ಖಾಲಿ ಮಾಡಿದರೆ ಕೊಳವೇ ಮೇಲಕ್ಕೆ ಎದ್ದುಬಿಡಬಹುದು. ತಳ ಉಬ್ಬಿ ಟೈಲ್ಸ್ ಸಿಡಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಸಿವಿಲ್ ಮೇಷ್ಟ್ರು ಇದ್ದರೆ ಲೆಕ್ಕ ಹಾಕಿ ಹೇಳಲಿ.

ಅಡಿಕೆ ಅಣ್ಣ, ಮೈಲುತುತ್ತ ಪಾಚಿ ಕೊಲ್ಲುತ್ತದೆ, ನಿಜ. ಆದರೆ ತಾಮ್ರ ನೀರಲ್ಲೇ ಉಳಿಯುತ್ತದೆ. ಆವಿಯಾಗಿ ಹೋಗುವುದಿಲ್ಲ, ಬಿಸಿಲಿಗೆ ಒಡೆಯುವುದೂ ಇಲ್ಲ. ಟೈಲ್ಸ್ ಸಂದಿಯ ಸಿಮೆಂಟಿಗೆ ಹಸಿರು ನೀಲಿ ಕಲೆ ಕೂರುತ್ತದೆ. ಫಿಲ್ಟರ್ ತೊಳೆದ ನೀರು ಹಳ್ಳಕ್ಕೆ ಹೋದರೆ ಮೀನು, ಕಪ್ಪೆಗೆ ವಿಷ. ಮನುಷ್ಯರಿಗೆ ಕಾಯಿಲೆ ತರುವ ರೋಗಾಣುವಿಗೆ ಅದನ್ನು ನೆಚ್ಚಿಕೊಳ್ಳುವ ಹಾಗೂ ಇಲ್ಲ. ಮಕ್ಕಳು ಇಳಿಯುವ ನೀರಿಗೆ ಕ್ಲೋರಿನ್ನೇ ಬೇಕು.

ಸಿವಿಲ್ ಮೇಷ್ಟ್ರು, ದಾವಣಗೆರೆ · ಸೆಪ್ಟೆಂಬರ್ 27

ಮೇಡಂ, ಮನೆ ಹತ್ತಿರ ತೆರೆದ ಬಾವಿ ಇದೆಯಾ? ಇದ್ದರೆ ಇಣುಕಿ ನೋಡಿ. ನೀರು ನೆಲಮಟ್ಟದಿಂದ ಎಷ್ಟು ಅಡಿ ಕೆಳಗಿದೆ? ಬಾವಿ ಇರುವ ಜಾಗ, ಕೊಳ ಇರುವ ಜಾಗ ಒಂದೇ ಮಟ್ಟದಲ್ಲಿವೆಯಾ? ಇಷ್ಟು ಹೇಳಿದರೆ ಸಾಕು.

ಕಾಫಿತೋಟ · ಸೆಪ್ಟೆಂಬರ್ 27

ಬಾವಿ ಇದೆ ಸರ್. ಕೊಳದಿಂದ ಹದಿನೈದು ಹೆಜ್ಜೆ, ನೆಲ ಸಮತಟ್ಟು. ಈಗ ತಾನೇ ಹಗ್ಗ ಬಿಟ್ಟು ಅಳೆದು ಬಂದೆ. ಕಟ್ಟೆ ಬಿಟ್ಟು ನೆಲದಿಂದ ಲೆಕ್ಕ ಹಾಕಿದರೆ ನೀರು ನಾಲ್ಕೇ ಅಡಿ ಕೆಳಗಿದೆ.

ಸಿವಿಲ್ ಮೇಷ್ಟ್ರು · ಸೆಪ್ಟೆಂಬರ್ 27

ಹಾಗಾದರೆ ಖಂಡಿತ ಖಾಲಿ ಮಾಡಬೇಡಿ.

ಲೆಕ್ಕ ನೋಡಿ. ಆಳದ ಕಡೆ ಕೊಳದ ತಳ ಐದೂವರೆ ಅಡಿ. ಅದರ ಕೆಳಗೆ ಅರ್ಧ ಅಡಿ ಕಾಂಕ್ರೀಟ್ ಅಂದುಕೊಳ್ಳೋಣ, ಒಟ್ಟು 6 ಅಡಿ. ನೆಲದ ನೀರು 4 ಅಡಿಯಲ್ಲಿದೆ. ಅಂದರೆ ಕೊಳದ ತಳ 2 ಅಡಿ ನೀರಿನೊಳಗೆ ಮುಳುಗಿ ಕೂತಿದೆ. ಈ 2 ಅಡಿ ನೀರು ತಳವನ್ನು ಪ್ರತಿ ಚದರ ಮೀಟರಿಗೆ ಸುಮಾರು 600 ಕೆಜಿ ಬಲದಿಂದ ಮೇಲಕ್ಕೆ ಒತ್ತುತ್ತದೆ. ಅರ್ಧ ಅಡಿ ಕಾಂಕ್ರೀಟಿನ ತೂಕ ಚದರ ಮೀಟರಿಗೆ 360 ಕೆಜಿ ಆಸುಪಾಸು. ಈಗ ಒಳಗಿರುವ ನೀರಿನ ಭಾರವೇ ಅದನ್ನು ಹಿಡಿದು ಕೂರಿಸಿದೆ. ಆ ನೀರು ತೆಗೆದರೆ ಕೊಳ ಮಣ್ಣಿನೊಳಗೆ ಕೂತ ದೋಣಿಯ ಹಾಗೆ. ಗೋಡೆಗಳ ತೂಕವೂ ಸ್ವಲ್ಪ ಹಿಡಿದುಕೊಳ್ಳುತ್ತದೆ, ಆದರೆ ಅದನ್ನೇ ನಂಬಿ ಯಾರೂ ಮೋಟರ್ ಇಡಬಾರದು. ಪೂರ್ತಿ ಏಳದಿದ್ದರೂ ತಳ ಬಿರುಕು ಬಿಡುತ್ತದೆ, ಪೈಪ್ ಜಾಯಿಂಟ್ ಕಿತ್ತು ಬರುತ್ತವೆ.

ಮೇಲಿನ ಒಂದು, ಒಂದೂವರೆ ಅಡಿ ನೀರು ತೆಗೆದರೆ ತೊಂದರೆ ಇಲ್ಲ. ಒಳಗಿನ ಮಟ್ಟ ಯಾವಾಗಲೂ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಅಷ್ಟೇ. ಪೂರ್ತಿ ಖಾಲಿ ಮಾಡಿ ಟೈಲ್ಸ್ ರಿಪೇರಿ ಮಾಡಲೇಬೇಕು ಅಂದರೆ ಫೆಬ್ರವರಿ, ಮಾರ್ಚ್‌ವರೆಗೆ ಕಾಯಿರಿ. ಬಾವಿಯಲ್ಲಿ ನೀರು ಇಳಿದ ಮೇಲೆ ಮತ್ತೆ ಅಳೆಯಿರಿ.

ಕಾಫಿತೋಟ · ಸೆಪ್ಟೆಂಬರ್ 27

ಓದಿ ಕೈಕಾಲು ತಣ್ಣಗಾಯಿತು ಸರ್. ಕಾಂಟ್ರಾಕ್ಟರಿಗೆ ಈಗಲೇ ಫೋನ್ ಮಾಡಿ ಬೇಡ ಅಂದೆ. ಆದರೆ ಇಷ್ಟು ಕಪ್ಪಾದ ನೀರು ಖಾಲಿ ಮಾಡದೆ ಹೇಗೆ ಸರಿಹೋಗುತ್ತದೆ?

ಪ್ಲೇನೋ ಕನ್ನಡಿಗ, ಟೆಕ್ಸಾಸ್ · ಸೆಪ್ಟೆಂಬರ್ 28

ಸರಿಹೋಗುತ್ತದೆ ಅಕ್ಕ, ನಾನು ಮಾಡಿದ್ದೇನೆ. ಇಲ್ಲಿ ಹಿತ್ತಲಲ್ಲಿ ಕೊಳ ಇರುವ ಮನೆಗಳು ಬೇಕಾದಷ್ಟು. 2021ರ ಫೆಬ್ರವರಿಯಲ್ಲಿ ಹಿಮಗಾಳಿ ಬಂದು ದಿನಗಟ್ಟಲೆ ಕರೆಂಟ್ ಹೋಯಿತು. ಪಂಪ್ ನಿಂತು ಪೈಪಿನ ನೀರು ಗಡ್ಡೆಕಟ್ಟಿ ಎಷ್ಟೋ ಮನೆಗಳ ಪಂಪ್, ಫಿಲ್ಟರ್ ಒಡೆದವು. ನಮ್ಮದೂ ಹೋಯಿತು. ಹೊಸ ಪಂಪ್ ಸಿಗುವ ಹೊತ್ತಿಗೆ ಬೇಸಿಗೆ ಬಂದಿತ್ತು, ನೀರು ಪಾಲಕ್ ಸೊಪ್ಪಿನ ಸಾರಿನ ಹಾಗಾಗಿತ್ತು. ಒಂದು ಹನಿ ಖಾಲಿ ಮಾಡದೆ ಹನ್ನೊಂದು ದಿನದಲ್ಲಿ ತಿಳಿಯಾಯಿತು.

ನಿಮ್ಮಲ್ಲಿ ಎಲೆ ಇದೆ, ನಮಗೆ ಅದಿರಲಿಲ್ಲ. ಹಾಗಾಗಿ ನಿಮಗೆ ಕೆಲಸ ಜಾಸ್ತಿ. ಎಲೆ ಪೂರ್ತಿ ತೆಗೆಯುವ ತನಕ ಕ್ಲೋರಿನ್ ಒಂದು ಚಮಚವೂ ಹಾಕಬೇಡಿ. ಕೊಳೆತ ಎಲೆ ಅದನ್ನೆಲ್ಲ ತಿಂದುಹಾಕುತ್ತದೆ, ದುಡ್ಡು ದಂಡ. ಮತ್ತೆ ನೀರು ಪರೀಕ್ಷೆ ಮಾಡುವ ಕಿಟ್ ಒಂದು ತರಿಸಿಕೊಳ್ಳಿ. ಹನಿ ಹಾಕಿ ಬಣ್ಣ ನೋಡುವಂಥದ್ದು. ಅಳೆಯದೆ ಹಾಕಿದರೆ ಕತ್ತಲಲ್ಲಿ ಉಪ್ಪು ಹಾಕಿದ ಹಾಗೆ.

ಕಪ್ಪೆಗೂಗು, ಸಕಲೇಶಪುರ · ಸೆಪ್ಟೆಂಬರ್ 28

ಮೇಡಂ, ಒಂದು ಕೋರಿಕೆ. ನಾಲ್ಕೂವರೆ ವರ್ಷದಲ್ಲಿ ಅದು ಈಜುಕೊಳ ಅಲ್ಲ, ಕೆರೆಯೇ ಆಗಿದೆ. ಒಳಗೆ ಗೊದಮೊಟ್ಟೆ, ಕಪ್ಪೆ, ಮೀನು ಇರುತ್ತವೆ. ಕ್ಲೋರಿನ್ ಹಾಕಿದ ದಿನ ಎಲ್ಲವೂ ಸಾಯುತ್ತವೆ. ಅದಕ್ಕೆ ಮೊದಲು ಬಲೆಯಲ್ಲಿ ಹಿಡಿದು ನಿಮ್ಮದೇ ತೋಟದ ಹಳ್ಳ, ಕಟ್ಟೆಗೆ ಕಪ್ಪೆಗಳನ್ನು ಬಿಡಿ. ಮೀನನ್ನು ಮಾತ್ರ ಹಳ್ಳಕ್ಕೆ ಬಿಡಬೇಡಿ. ಸೊಳ್ಳೆ ಮರಿ ತಿನ್ನಲಿ ಅಂತ ಹಿಂದೆ ಯಾರಾದರೂ ಗಪ್ಪಿ, ಗ್ಯಾಂಬೂಸಿಯಾ ಹಾಕಿದ್ದರೆ ಅವು ಹೊರಗಿನ ಮೀನು, ಹಳ್ಳದ ಮೀನಿನ ಮರಿಗಳನ್ನೇ ತಿನ್ನುತ್ತವೆ. ಅವನ್ನು ಸಿಮೆಂಟ್ ತೊಟ್ಟಿಯಲ್ಲಿ ಇಟ್ಟುಕೊಳ್ಳಿ.

ಎಲೆ ತೆಗೆಯುವಾಗ ಬರಿಗೈ ಹಾಕಬೇಡಿ. ನೀರೊಳ್ಳೆ ಹಾವು ಇದ್ದೇ ಇರುತ್ತದೆ. ವಿಷ ಇಲ್ಲ, ಆದರೆ ಗಟ್ಟಿಯಾಗಿ ಕಚ್ಚುತ್ತದೆ. ನೀರಿನ ಹತ್ತಿರ ಕಂಡದ್ದೆಲ್ಲ ನೀರೊಳ್ಳೆಯೇ ಅಂತ ಅಂದುಕೊಳ್ಳುವುದೂ ಬೇಡ. ಒಂದು ಹಲಗೆಯನ್ನು ಓರೆಯಾಗಿ ನೀರಿಗೆ ಇಳಿಬಿಡಿ. ರಾತ್ರಿ ಕಪ್ಪೆ, ಹಾವು ತಾವೇ ಹತ್ತಿ ಹೋಗುತ್ತವೆ.

ನೀರುಗಂಟಿ · ಸೆಪ್ಟೆಂಬರ್ 28

ಹಲಗೆಯ ಮಾತು ಬಹಳ ಒಳ್ಳೆಯದು. ಕೆಲಸ ಮುಗಿದ ಮೇಲೂ ಒಂದು ಹಲಗೆ ಇರಲಿ.

ಅಕ್ಕ, ಈಗ ಕ್ರಮ ಹೇಳುತ್ತೇನೆ. ಗಟ್ಟಿ ಬಲೆಗೆ ಉದ್ದ ಕೋಲು ಕಟ್ಟಿಸಿ. ಕೆಲಸದವರು ದಂಡೆಯ ಮೇಲೇ ನಿಂತು ಎಲೆ ಎತ್ತಲಿ. ಯಾರನ್ನೂ ನೀರಿಗೆ ಇಳಿಸಬೇಡಿ, ಈಜು ಬಂದರೂ ಬೇಡ. ತಳ ಕಾಣುವುದಿಲ್ಲ, ಪಾಚಿ ಜಾರುತ್ತದೆ, ಜಾರಿ ಬಿದ್ದವರು ಎಲ್ಲಿದ್ದಾರೆ ಅಂತ ಮೇಲಿದ್ದವರಿಗೆ ಕಾಣುವುದೇ ಇಲ್ಲ. ಕೆದಕಿದಾಗ ಬರುವ ಕೊಳೆತ ಮೊಟ್ಟೆ ವಾಸನೆಯೂ ಒಳ್ಳೆಯದಲ್ಲ. ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಲಿ.

ತೆಗೆದ ಎಲೆ ಗೊಬ್ಬರದ ಗುಂಡಿಗೆ ಹಾಕಿ. ಮೇಲಿನ ಒಂದು ಅಡಿ ಹಸಿರು ನೀರನ್ನು ಬಾಳೆ, ಅಡಿಕೆಗೆ ಬಿಡಬಹುದು. ಇನ್ನೂ ಕ್ಲೋರಿನ್ ಬಿದ್ದಿಲ್ಲವಲ್ಲ, ಗಿಡಕ್ಕೆ ಒಳ್ಳೆಯದೇ.

ನಿಮ್ಮ ಕೊಳದ ನೀರು: 26 × 13 × ಸರಾಸರಿ ಆಳ ನಾಲ್ಕೂಕಾಲು ಅಡಿ, 1,436 ಘನ ಅಡಿ. ಘನ ಅಡಿಗೆ 28.3 ಲೀಟರ್. ಹತ್ತಿರ ಹತ್ತಿರ 40,000 ಲೀಟರ್. ಈ ಸಂಖ್ಯೆಯನ್ನು ಪಂಪ್ ಮನೆಯ ಗೋಡೆ ಮೇಲೆ ಬರೆದಿಡಿ. ಎಲ್ಲ ಲೆಕ್ಕಕ್ಕೂ ಇದೇ ಬೇಕು.

ವೈರ್‌ಮ್ಯಾನ್, ಹಾಸನ · ಸೆಪ್ಟೆಂಬರ್ 29

ಯಾರೂ ಕರೆಂಟ್ ಬಗ್ಗೆ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾಲ್ಕೂವರೆ ವರ್ಷ ನಿಂತ ಪಂಪಿಗೆ ಸುಮ್ನೆ ಸ್ವಿಚ್ ಹಾಕಬೇಡಿ. ಮೊದಲು ಮೇನ್ ಆಫ್ ಮಾಡಿ, ಪಂಪ್ ಬಿಚ್ಚಿಸಿ. ಇಲಿ ವೈರ್ ಕಡಿದಿರುತ್ತದೆ, ಸೀಲ್ ಒಣಗಿರುತ್ತದೆ. ಪಂಪ್ ಲೈನಿಗೆ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇರಲೇಬೇಕು. ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ, ತಕ್ಷಣ ಬೀಳಬೇಕು. ಅರ್ಥಿಂಗ್ ಹೊಸದಾಗಿ ಪರೀಕ್ಷೆ ಮಾಡಿಸಿ.

ನೀರೊಳಗೆ ಲೈಟ್ ಇದೆಯಾ ಮೇಡಂ? ಇದ್ದರೆ ಅದು 12 ವೋಲ್ಟಿನದಾ, 230ರದಾ ಅಂತ ನೋಡಿಸುವ ತನಕ ಅದರ ಫ್ಯೂಸ್ ಕಿತ್ತಿಡಿ.

ಕಾಫಿತೋಟ · ಅಕ್ಟೋಬರ್ 5

ನಾಲ್ಕು ದಿನ ಎಲೆ ತೆಗೆದದ್ದೇ ಆಯಿತು. 31 ಕುಕ್ಕೆ. ಸಿಲ್ವರ್ ಓಕ್ ಎಲೆ ಒಣಗಿದಾಗ ಹಿಂಭಾಗ ಬೆಳ್ಳಗೆ ಮಿಂಚುತ್ತದಲ್ಲ, ಅದು ಇದ್ದಿಲಿನಷ್ಟು ಕಪ್ಪಾಗಿ, ಒಂದಕ್ಕೊಂದು ಅಂಟಿಕೊಂಡು ಹಾಸಿಗೆಯ ಹಾಗೆ ಎದ್ದು ಬಂತು. ಬೆರಳಲ್ಲಿ ಬಿಡಿಸಿದರೆ ಒಳಗೆ ಎಲೆಯ ನರ ಇನ್ನೂ ಗಟ್ಟಿಯಾಗಿತ್ತು. ಅದರ ನಡುವೆ ಒಂದು ಏಡಿ, ಎರಡು ಟೆನಿಸ್ ಬಾಲ್, ನಮ್ಮ ಹಳೇ ಪ್ಲಾಸ್ಟಿಕ್ ಕುರ್ಚಿ.

ಹಲಗೆ ಇಟ್ಟ ಮೊದಲ ಬೆಳಿಗ್ಗೆಯೇ ಅದರ ಮೇಲೆ ಮೂರು ಕಪ್ಪೆ ಕೂತಿದ್ದವು. ಗೊದಮೊಟ್ಟೆ ಬಕೆಟ್‌ನಲ್ಲಿ ತುಂಬಿ ಕೆಳಗಿನ ಕಟ್ಟೆಗೆ ಬಿಟ್ಟೆವು. ಒಂದು ನೀರೊಳ್ಳೆ ಬಂತು, ತಾನೇ ಹೋಯಿತು.

ವೈರ್‌ಮ್ಯಾನ್ ಅಣ್ಣ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನೀರೊಳಗಿನ ಲೈಟ್ ಬಿಚ್ಚಿದರೆ ಗಾಜಿನ ಒಳಗೆ ಅರ್ಧ ನೀರು! ಅದು 230 ವೋಲ್ಟಿನದೇ. ವೈರನ್ನೇ ಕಿತ್ತು ಹಾಕಿಸಿದೆ, ನಮಗೆ ಆ ಲೈಟೇ ಬೇಡ. ಪಂಪಿಗೆ ಹೊಸ ಸೀಲ್, ಕೆಪಾಸಿಟರ್ ಹಾಕಿದ್ದಾರೆ. ಫಿಲ್ಟರಿನ ಮರಳು ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿತ್ತು, ತೆಗೆದು 50 ಕೆಜಿಯ ಮೂರು ಮೂಟೆ ಹೊಸ ಮರಳು ತುಂಬಿಸಿದೆವು. ಮೇಲಿನ ಒಂದು ಅಡಿ ನೀರು ಅಡಿಕೆಗೆ ಬಿಟ್ಟು ಬಾವಿ ನೀರು ತುಂಬಿದೆವು.

ಕಿಟ್ ಬಂತು. ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ) 6.6. ಆಲ್ಕಲಿನಿಟಿ 30. ಕ್ಲೋರಿನ್ ಸೊನ್ನೆ. ಇದು ಏನು ಹೇಳುತ್ತದೆ?

ನೀರುಗಂಟಿ · ಅಕ್ಟೋಬರ್ 5

ನಿಮ್ಮ ಬಾವಿ ನೀರು ಮಲೆನಾಡಿನ ಮೆದು ನೀರು ಅಂತ ಹೇಳುತ್ತದೆ ಅಕ್ಕ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಹೇಳುವ ಮದ್ದು ಇದಕ್ಕೆ ಆಗುವುದಿಲ್ಲ. ಅಲ್ಲಿ ನೀರು ಗಡಸು, ಬ್ಲೀಚಿಂಗ್ ಪೌಡರ್ ಹಾಕಿದರೆ ಸುಣ್ಣ ಇನ್ನೂ ಜಾಸ್ತಿಯಾಗಿ ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ನಿಮ್ಮಲ್ಲಿ ಸುಣ್ಣವೇ ಕಮ್ಮಿ. ಇಂಥ ನೀರು ಟೈಲ್ಸ್ ಸಂದಿಯ ಸಿಮೆಂಟನ್ನು ನಿಧಾನವಾಗಿ ತಿನ್ನುತ್ತದೆ. ಹಾಗಾಗಿ ನಿಮಗೆ ಸಾದಾ ಬ್ಲೀಚಿಂಗ್ ಪೌಡರೇ ಸರಿ, ಅದು ಸುಣ್ಣವನ್ನೂ ಕೊಡುತ್ತದೆ.

ಮೊದಲು ಅಡುಗೆ ಸೋಡಾ. ಆಲ್ಕಲಿನಿಟಿ, ಅಂದರೆ ಪಿಎಚ್ ಏರುಪೇರಾಗದ ಹಾಗೆ ತಡೆಯುವ ಗುಣ, 30ರಿಂದ 80ಕ್ಕೆ ಏರಬೇಕು. ನಿಮ್ಮ 40,000 ಲೀಟರಿಗೆ ಸುಮಾರು 3 ಕೆಜಿ 400 ಗ್ರಾಂ. ಎರಡು ಕಂತಿನಲ್ಲಿ, ಪಂಪ್ ಓಡುತ್ತಿರುವಾಗ ಹಾಕಿ. ಪಿಎಚ್ 7.2 ದಾಟಲಿ. 7.6ರ ಮೇಲೆ ಹೋಗುವುದು ಬೇಡ. ಪಿಎಚ್ 8 ಆದರೆ ಕ್ಲೋರಿನ್ನಿನ ಕೊಲ್ಲುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ.

ಆಮೇಲೆ ಕ್ಲೋರಿನ್. 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಮಾಡಲು 400 ಗ್ರಾಂ ಕ್ಲೋರಿನ್ ಬೇಕು. ಒಳ್ಳೆಯ ಬ್ಲೀಚಿಂಗ್ ಪೌಡರಿನಲ್ಲಿ ಶೇಕಡಾ 30ರಷ್ಟು ಇರುತ್ತದೆ, ಅಂದರೆ ಸುಮಾರು 1 ಕೆಜಿ 350 ಗ್ರಾಂ. ಹಳೇ ಚೀಲ ತರಬೇಡಿ. ತೆರೆದಿಟ್ಟರೆ ಶಕ್ತಿ ಹೋಗಿರುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಪುಡಿ. ಕಲಕಿ ಅರ್ಧ ಗಂಟೆ ಬಿಡಿ. ಗಸಿ ಕೆಳಗೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಕೊಳಕ್ಕೆ ಸುರಿಯಿರಿ. ಸೂರ್ಯ ಮುಳುಗಿದ ಮೇಲೆ ಹಾಕಿ. ಹಗಲಲ್ಲಿ ಹಾಕಿದರೆ ಬಿಸಿಲು ಒಂದು ಗಂಟೆಯೊಳಗೆ ಅರ್ಧ ತಿಂದುಬಿಡುತ್ತದೆ. ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್.

ಒಂದು ವಿಷಯ ದಪ್ಪ ಅಕ್ಷರದಲ್ಲಿ ಹೇಳುತ್ತೇನೆ. ಬ್ಲೀಚಿಂಗ್ ಪೌಡರ್ ಮುಟ್ಟಿದ ಬಕೆಟ್, ಚಮಚ, ಮಗ್ ಬೇರೆ ಯಾವುದಕ್ಕೂ ಬಳಸಬೇಡಿ. ಆಸಿಡ್ ಜತೆ ಸೇರಿದರೆ ವಿಷಗಾಳಿ ಬರುತ್ತದೆ. ಅಂಗಡಿಯಲ್ಲಿ ಸಿಗುವ ಟಿಸಿಸಿಎ ಮಾತ್ರೆಯೂ ಕ್ಲೋರಿನ್ನೇ, ಇದೂ ಕ್ಲೋರಿನ್ನೇ ಅಂತ ಎರಡನ್ನೂ ಒಟ್ಟಿಗೆ ಹಾಕಿದರೆ ಬೆಂಕಿ ಹತ್ತುತ್ತದೆ. ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಮ್ಮ ಜತೆಯ ಹುಡುಗ ಒಂದೇ ಮಗ್‌ನಲ್ಲಿ ಎರಡನ್ನೂ ಎತ್ತಿದ. ಮೊದಲು ಬುಸ್ ಅಂತ ಹೊಗೆ, ಆಮೇಲೆ ಮಗ್ಗೇ ಕರಗಿತು. ಅವನ ಕೈಯ ಕಲೆ ಇವತ್ತಿಗೂ ಇದೆ.

ಪ್ಲೇನೋ ಕನ್ನಡಿಗ · ಅಕ್ಟೋಬರ್ 6

ಇದಕ್ಕೆ ನನ್ನದೊಂದು ಸೇರಿಸುತ್ತೇನೆ. ಒಂದು ಸಲ ಹಾಕಿ ಬಿಡುವುದಲ್ಲ. ದಿನಾ ಸಂಜೆ ಅಳೆದು ಮತ್ತೆ 10ಕ್ಕೆ ತರಬೇಕು. ದಿನಾ ಗೋಡೆ ಉಜ್ಜಬೇಕು, ಪಾಚಿಯ ಮೇಲಿನ ಲೋಳೆ ಹರಿದರೆ ಮಾತ್ರ ಕ್ಲೋರಿನ್ ಒಳಗೆ ಹೋಗುತ್ತದೆ. ಪಾಚಿ ಸತ್ತಿತಾ ಅಂತ ತಿಳಿಯಲು ಒಂದು ಉಪಾಯ ಇದೆ. ಕತ್ತಲಾದ ಮೇಲೆ ಅಳೆಯಿರಿ, ಬಿಸಿಲು ಬರುವ ಮೊದಲು ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಆದರೂ ಕ್ಲೋರಿನ್ ಇಳಿದಿದ್ದರೆ ಯಾವುದೋ ಜೀವ ಅದನ್ನು ತಿನ್ನುತ್ತಿದೆ ಅಂತ ಅರ್ಥ. ವ್ಯತ್ಯಾಸ 1 ಪಿಪಿಎಂಗಿಂತ ಕಮ್ಮಿ ಆದ ದಿನ ಪಾಚಿ ಮುಗಿಯಿತು.

ಕಾಫಿತೋಟ · ಅಕ್ಟೋಬರ್ 13

ಮೊದಲ ರಾತ್ರಿ 10 ಇದ್ದದ್ದು ಬೆಳಿಗ್ಗೆ ಸೊನ್ನೆ. ಎರಡನೇ ದಿನವೂ ಸೊನ್ನೆ. ಮೂರನೇ ದಿನ ಬೆಳಿಗ್ಗೆ ಅರ್ಧ. ಅವತ್ತು ನಮ್ಮೆಜಮಾನರು "ಇದು ಆಗೋ ಕೆಲಸ ಅಲ್ಲ, ಮಣ್ಣು ತುಂಬಿ ಗುಲಾಬಿ ಹಾಕೋಣ" ಅಂದರು. ನನಗೂ ಹಾಗೇ ಅನ್ನಿಸಿತು. ನಾಲ್ಕನೇ ದಿನ ಎದ್ದು ನೋಡಿದರೆ ಹಸಿರು ಹೋಗಿ ಬೂದು ಬಣ್ಣ ಬಂದಿತ್ತು, ಅಕ್ಕಿ ತೊಳೆದ ನೀರಿನ ಹಾಗೆ. ನಿನ್ನೆ ರಾತ್ರಿ 9, ಇವತ್ತು ಬೆಳಿಗ್ಗೆ 8.5!

ಆದರೆ ಬೂದು ಬಗ್ಗಡ ಹಾಗೇ ಇದೆ. ಮೂರು ಅಡಿಯ ಕಡೆ ತಳ ಕಾಣುತ್ತದೆ, ಆಳದ ಕಡೆ ಇಲ್ಲ. ಫಿಲ್ಟರಿನ ಒತ್ತಡದ ಮೀಟರ್ 12ರಿಂದ 22ಕ್ಕೆ ಏರಿದೆ.

ನೀರುಗಂಟಿ · ಅಕ್ಟೋಬರ್ 13

ಬೂದು ಅಂದರೆ ಸತ್ತ ಪಾಚಿ. ಗೆದ್ದಿರಿ ಅಕ್ಕ. ಮೀಟರ್ ಹತ್ತು ಏರಿದರೆ ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಯಬೇಕು, ಅಂದರೆ ಬ್ಯಾಕ್‌ವಾಶ್ ಮಾಡಿ. ವಾಲ್ವ್ ತಿರುಗಿಸುವಾಗ ಪಂಪ್ ಆಫ್ ಇರಬೇಕು, ಮರೆಯಬೇಡಿ. ಆ ನೀರಿನಲ್ಲಿ ಈಗ ಕ್ಲೋರಿನ್ ಇದೆ, ಹಳ್ಳಕ್ಕೂ ಗಿಡಕ್ಕೂ ಬೇಡ. ಗುಂಡಿಯಲ್ಲಿ ನಿಲ್ಲಿಸಿ, ಎರಡು ಮೂರು ದಿನ ಬಿಸಿಲು ಬೀಳಲಿ.

ಉಳಿದದ್ದಕ್ಕೆ ಪಟಿಕ. ನಮ್ಮಜ್ಜಿಯರು ಬಿಂದಿಗೆಯಲ್ಲಿ ತಿರುಗಿಸುತ್ತಿದ್ದದ್ದೇ. ಘನ ಮೀಟರಿಗೆ 40–50 ಗ್ರಾಂ, ನಿಮಗೆ ಎರಡು ಕೆಜಿ ಒಳಗೆ ಸಾಕು. ಕರಗಿಸಿ ಎಲ್ಲ ಕಡೆ ಸುರಿದು, ಫಿಲ್ಟರಿಗೆ ಹೋಗದ ಹಾಗೆ ವಾಲ್ವ್ ತಿರುಗಿಸಿ ಸ್ವಲ್ಪ ಹೊತ್ತು ಪಂಪ್ ಓಡಿಸಿ, ಆಮೇಲೆ ರಾತ್ರಿ ಪೂರ್ತಿ ನಿಲ್ಲಿಸಿ. ಬೆಳಿಗ್ಗೆ ತಳದಲ್ಲಿ ಕೂತ ಗಸಿಯನ್ನು ವ್ಯಾಕ್ಯೂಮ್ ಹಾಕಿ ನೇರ ಹೊರಗೆ ಬಿಡಿ, ಫಿಲ್ಟರಿಗೆ ಕಳಿಸಬೇಡಿ. ಪಟಿಕ ಪಿಎಚ್ ಇಳಿಸುತ್ತದೆ, ಮತ್ತೆ ಅಳೆಯಿರಿ.

ಇನ್ನೊಂದು. ತಳದಲ್ಲಿ ಪಂಪ್ ನೀರು ಎಳೆಯುವ ಬಾಯಿಯ ಜಾಲರಿ ಹೇಗಿದೆ? ಒಡೆದಿದ್ದರೆ ಮಕ್ಕಳ ಕೂದಲು, ಕೈ ಎಳೆದುಕೊಳ್ಳುತ್ತದೆ. ಅದು ಸರಿಯಾಗುವ ತನಕ ಯಾರೂ ಇಳಿಯುವ ಹಾಗಿಲ್ಲ.

ಸಾಗರದ ಅಡಿಕೆ · ಅಕ್ಟೋಬರ್ 14

ದಿನಾ ಓದುತ್ತಿದ್ದೇನೆ. ಮೈಲುತುತ್ತದ ಮಾತು ವಾಪಸ್ ತಗೊಂಡೆ. ನಮ್ಮ ತೊಟ್ಟಿ ನೀರು ದನಗಳೂ ಕುಡಿಯುತ್ತವೆ, ಅದಕ್ಕೂ ಇನ್ನು ಹಾಕುವುದಿಲ್ಲ. ಅಕ್ಕ, ಮೊಮ್ಮಕ್ಕಳು ಬರುತ್ತಾರೆ ಅಂದಿರಿ. ಸುತ್ತ ಬೇಲಿ ಇದೆಯಾ?

ಕಾಫಿತೋಟ · ಅಕ್ಟೋಬರ್ 22

ಇಲ್ಲದಿದ್ದದ್ದು ಈಗ ಆಯಿತು. ನಾಲ್ಕೂವರೆ ಅಡಿ ಮೆಶ್ ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು, ಚಿಲಕ ಮೇಲ್ಗಡೆ. ಚಿಕ್ಕವನಿಗೆ ಮೂರು ವರ್ಷ, ಅವನಿಗೆ ಎಟುಕುವುದಿಲ್ಲ. ಜಾಲರಿ ಒಂದು ಮೂಲೆ ಒಡೆದಿತ್ತು. ವ್ಯಾಕ್ಯೂಮ್ ಮಾಡುವಾಗ ಗೊತ್ತಾಯಿತು. ಹೊಸದು ಹಾಕಿಸಿದೆ.

ಪಟಿಕ ಹಾಕಿದ ಮರುದಿನ ಬೆಳಿಗ್ಗೆ ಐದೂವರೆಗೇ ಎದ್ದು ಟಾರ್ಚ್ ಹಿಡಿದು ಹೋದೆ. ನೀರು ಇದೆಯಾ ಇಲ್ಲವಾ ಅಂತ ಅನುಮಾನ ಬರುವಷ್ಟು ತಿಳಿ. ತಳದಲ್ಲಿ ಬೂದು ಗಸಿ ಹತ್ತಿಯ ಹಾಗೆ ಕೂತಿತ್ತು. ಅದನ್ನು ಎಳೆದ ಮೇಲೆ ಆಳದ ಕಡೆ ಒಂದು ರೂಪಾಯಿ ನಾಣ್ಯ ಹಾಕಿ ದಂಡೆಯಿಂದ ನೋಡಿದೆ. ಅಂಕಿ ಓದಲು ಬಂತು.

ಇವತ್ತಿನ ಲೆಕ್ಕ: ಪಿಎಚ್ 7.4, ಆಲ್ಕಲಿನಿಟಿ 80, ಕ್ಲೋರಿನ್ 3. ಟೈಲ್ಸ್ ಹನ್ನೆರಡು ಕಡೆ ಎದ್ದಿವೆ. ಅದು ಮಾರ್ಚ್‌ಗೆ, ಬಾವಿ ಅಳೆದ ಮೇಲೆ. ಈಗ ದಿನಕ್ಕೆ ಎಷ್ಟು ಗಂಟೆ ಪಂಪ್ ಓಡಿಸಲಿ?

ನೀರುಗಂಟಿ · ಅಕ್ಟೋಬರ್ 22

ಆರು ಗಂಟೆ ಸಾಕು. ಮೂರು ಬೆಳಿಗ್ಗೆ, ಮೂರು ಸಂಜೆ. ಕ್ಲೋರಿನ್ 1ರಿಂದ 3ರ ನಡುವೆ ಇರಲಿ. ಮಕ್ಕಳು ಇಳಿಯುವ ದಿನ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಳೆಯಿರಿ. ದೊಡ್ಡವರೊಬ್ಬರು ಫೋನ್ ಕೆಳಗಿಟ್ಟು ದಂಡೆಯಲ್ಲೇ ಕೂತಿರಬೇಕು.

ಕಾಫಿತೋಟ · ನವೆಂಬರ್ 4

ಮಕ್ಕಳು ನಿನ್ನೆ ವಾಪಸ್ ಹೋದರು. ಮೂರು ದಿನ ನೀರು ಬಿಟ್ಟು ಮೇಲೆ ಬರಲಿಲ್ಲ. ದೊಡ್ಡವಳು ದಿನಾ ಬೆಳಿಗ್ಗೆ, ಸಂಜೆ ತಾನೇ ಹನಿ ಹಾಕಿ ಅಳೆದು ಗೋಡೆ ಮೇಲೆ ಬರೆಯುತ್ತಿದ್ದಳು. "ನಲವತ್ತು ಸಾವಿರ ಲೀಟರ್" ಅಂತ ನಾನು ಬರೆದದ್ದರ ಕೆಳಗೆ ಈಗ ಅವಳ ಅಕ್ಷರದಲ್ಲಿ ಆರು ಸಾಲು ಇದೆ. ನಿಮ್ಮೆಲ್ಲರಿಗೂ ಎಷ್ಟು ಹೇಳಿದರೂ ಕಮ್ಮಿ.

ಏಲಕ್ಕಿಮಲೆ, ಸೋಮವಾರಪೇಟೆ · ನವೆಂಬರ್ 9

ಈ ಚರ್ಚೆ ಈಗ ಕಣ್ಣಿಗೆ ಬಿತ್ತು. ನಮ್ಮ ತಮ್ಮನ ಮನೆಯಲ್ಲೂ ಹೀಗೇ ಒಂದು ಕೊಳ ಎರಡು ವರ್ಷದಿಂದ ಬಿದ್ದಿದೆ. ನಾಳೆ ಟ್ಯಾಂಕರ್ ಮೋಟರ್ ತರಿಸಿ ಖಾಲಿ ಮಾಡಿಸಬೇಕು ಅಂತಿದ್ದಾರೆ. ಮೊದಲು ಏನು ಮಾಡಬೇಕು?

ಕಾಫಿತೋಟ · ನವೆಂಬರ್ 9

ಮೋಟರ್ ಬೇಡ ಅಂತ ತಮ್ಮನಿಗೆ ಈಗಲೇ ಫೋನ್ ಮಾಡಿ. ಆಮೇಲೆ ಬಾವಿಗೆ ಹಗ್ಗ ಬಿಟ್ಟು ಅಳೆಯಲು ಹೇಳಿ. ನೀರು ಎಷ್ಟು ಅಡಿಯಲ್ಲಿದೆ ಅಂತ ಇಲ್ಲಿ ಬರೆಯಿರಿ, ನಾವೆಲ್ಲ ಇದ್ದೇವೆ.